ಶೇಖವ್ವನ ಉಡಿಯಲ್ಲಿ ಊರ ಮಕ್ಕಳು

ಬೆಳ್ಳಟ್ಟಿಯ ಬಸ್ ನಿಲ್ದಾಣದ ಪಕ್ಕದ ಬೇವಿನ ಗಿಡದ ಕೆಳಗೆ ಇನ್ನೂ ಮಬ್ಬುಗತ್ತಲು. ಅಶ್ಫಾಕನ ಮೂರು ಗಾಲಿಯ ಟಂಟಂ ಆಗಲೇ ಗುರುಗುಟ್ಟುತ್ತಾ ನಿಂತಿದೆ. ಹೆಸರುಬೆಳೆಯ ಹೊಲಗಳಿಗೆ ಕಳೆ ತೆಗೆಯಲು ಹೊರಟ ಹೆಂಗಸರು ಕುಡುಗೋಲು, ಬುತ್ತಿಗಂಟು, ನೀರಿನ ಬಾಟಲಿ ಹಿಡಿದು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಬೇರೆ ದಿನವಾಗಿದ್ದರೆ ಬಂದವರು ಬಂದ ಹಾಗೆ ಹತ್ತಿ, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂತು, ಗಾಡಿ ಊರು ದಾಟಿರುತ್ತಿತ್ತು. ಇವತ್ತು ಯಾರೂ ಹತ್ತುತ್ತಿಲ್ಲ. ಗಿಡದ ಬುಡದಲ್ಲಿ ಸೆರಗು ಒಡ್ಡಿ ನಿಂತ ಒಬ್ಬ ಹೆಂಗಸಿನ ಮುಂದೆ ಎಲ್ಲರೂ ಸಾಲು ಹಿಡಿದಿದ್ದಾರೆ.

ಸೆರಗು ಒಡ್ಡಿದವರು ಶೇಖವ್ವ. ಊರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ವಯಸ್ಸು ಐವತ್ತು ದಾಟಿದೆ ಎಂದು ಅವರೇ ಹೇಳಬೇಕು, ನಡಿಗೆ ನೋಡಿದರೆ ನಂಬಿಕೆ ಬರುವುದಿಲ್ಲ. ಸಾಲಿನ ಮುಂದಿದ್ದ ತಾಯಿ ಬುತ್ತಿಯ ಜೊತೆ ಕಟ್ಟಿ ತಂದ ಪುಟ್ಟ ಗಂಟು ಬಿಚ್ಚಿ, ಒಂದು ಹಿಡಿ ಬಿಳಿಜೋಳ ತೆಗೆದು ಶೇಖವ್ವನ ಸೆರಗಿಗೆ ಸುರಿಯುತ್ತಾಳೆ.

“ನನ್ನ ಮಗಳನ್ನ ನಿನ್ನ ಉಡ್ಯಾಗ ಹಾಕೀನಿ, ಯಕ್ಕಾ.”

“ಹಾಕಿಸ್ಕೊಂಡೀನವ್ವಾ. ಬಾ, ಈಗ ಹೆಬ್ಬಟ್ಟು ಒತ್ತು.”

ಬೇವಿನ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿರುವ ಹಾಳೆಗಳಲ್ಲಿ ಒಂದು ಹೊರಬರುತ್ತದೆ. ಪಕ್ಕದಲ್ಲಿ ಮಸಿಯ ಡಬ್ಬಿ. ಸಹಿ ಬರುವವರು ಸಹಿ ಮಾಡುತ್ತಾರೆ, ಬಾರದವರು ಹೆಬ್ಬೆಟ್ಟು ಒತ್ತಿ, ಬೆರಳನ್ನು ಬೇವಿನ ತೊಗಟೆಗೆ ತಿಕ್ಕಿ ಟಂಟಂ ಹತ್ತುತ್ತಾರೆ. ನಾಲ್ಕು ವರ್ಷಗಳಿಂದ ಮಸಿ ಒರೆಸಿಕೊಂಡ ಆ ಗಿಡಕ್ಕೆ ಒಂದು ಕಡೆ ನೀಲಿ ಬಣ್ಣವೇ ಬಂದುಬಿಟ್ಟಿದೆ. ಅಶ್ಫಾಕ ಹಾರ್ನ್ ಬಾರಿಸುತ್ತಾನೆ.

“ಶೇಖವ್ವಕ್ಕಾ, ಜಲ್ದಿ ಮಾಡ! ಹೊಲದ ಮಾಲಕ ನನ್ನ ಹುಗೀತಾನ!”

“ಹುಗೀಲಿ ಬಿಡು, ನಿನ್ನ ಮಗಳ ಜ್ವಾಳ ಎಲ್ಲೈತಿ? ಮೊದಲ ಅದನ್ನ ತಾ!” ಎಂದು ಶೇಖವ್ವ ತಿರುಗಿ ಬಾರಿಸುತ್ತಾರೆ. ಹೆಂಗಸರೆಲ್ಲ ನಗುತ್ತಾರೆ. ಅಶ್ಫಾಕನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ. ಗಂಡಸು ಹೆಂಗಸಿನ ಉಡಿಗೆ ಕೈಯಿಂದ ಹಾಕುವ ಪದ್ಧತಿ ಇಲ್ಲ, ಹಾಗಂತ ಅವನ ಮಗಳನ್ನು ಹೊರಗಿಡಲೂ ಬರುವುದಿಲ್ಲ. ಶೇಖವ್ವನ ಬಳಿ ಅದಕ್ಕೂ ದಾರಿ ಇದೆ. ಕಟ್ಟೆಯ ಮೇಲೆ ಒಂದು ಮರ ಇಟ್ಟಿದ್ದಾರೆ, ಜೋಳ ಕೇರುವ ಮರ. ಗಂಡಸರ ಜೋಳ ಮರಕ್ಕೆ, ಮರದಿಂದ ಉಡಿಗೆ. ಅಶ್ಫಾಕ ಸೀಟಿನ ಕೆಳಗಿನಿಂದ ಒಂದು ಹಿಡಿ ತೆಗೆದು ತಂದು ಮರಕ್ಕೆ ಹಾಕಿ, ಸಹಿ ಗೀಚಿ, ಮತ್ತೆ ಓಡಿ ಹಾರ್ನ್ ಬಾರಿಸುತ್ತಾನೆ.

ಟಂಟಂ ಹೋದ ಮೇಲೆ ಧೂಳು ಇಳಿಯುತ್ತದೆ. ಶೇಖವ್ವ ಸೆರಗಿನ ಜೋಳವನ್ನು ಗಂಟು ಕಟ್ಟಿ ಹೆಗಲಿಗೇರಿಸುತ್ತಾರೆ. ಇವತ್ತಿಗೆ ಶಾಲೆಯ ಅಷ್ಟೂ ಮಕ್ಕಳ ಹಾಳೆ ಕೈ ಸೇರಿವೆ, ಒಂದರ ಹೊರತು.

“ಮಲ್ಲೂಂದು ಒಂದ ಉಳದೈತ್ರಿ,” ಎನ್ನುತ್ತಾರೆ. “ಹೋದ ವರ್ಷನೂ ಅವಂದ ಒಂದ ಉಳದಿತ್ತು. ಯಾವಂದು ಇರಾಕ ಬೇಕಾಗಿತ್ತೋ ಅದ ಇಲ್ಲ ನೋಡ್ರಿ.”

ಮಲ್ಲು ಎರಡನೇ ತರಗತಿಯ ಹುಡುಗ. ತಾಯಿ ಇಲ್ಲ. ಅಜ್ಜಿ ಹನಮಂತವ್ವ ಸಾಕುತ್ತಿದ್ದಾರೆ. ಅವನಿಗೆ ದಮ್ಮು ಇದೆ. ಮಳೆಗಾಲದ ತಂಪು ಗಾಳಿ ಬೀಸಿತೆಂದರೆ ಉಸಿರು ಸೀಟಿ ಹೊಡೆಯತೊಡಗುತ್ತದೆ. ಶಾಲೆಯಲ್ಲಿ ಹಾಗಾದ ದಿನ ಅವನನ್ನು ಎತ್ತಿಕೊಂಡು ಓಡಬೇಕು, ಓಡಲು ಮನೆಯವರ ಒಪ್ಪಿಗೆ ಮೊದಲೇ ಕೈಯಲ್ಲಿರಬೇಕು. ಆ ಒಂದು ಹಿಡಿ ಜೋಳಕ್ಕಾಗಿ ಶೇಖವ್ವ ಒಂದು ವರ್ಷದಿಂದ ಅಜ್ಜಿಯ ಬೆನ್ನು ಬಿದ್ದಿದ್ದಾರೆ.

ಈ ಹಾಳೆ ಏನು ಎಂಬುದನ್ನು ಮೊದಲು ಹೇಳಬೇಕು. ಮಗುವಿಗೆ ಶಾಲೆಯಲ್ಲಿ ಫಕ್ಕನೆ ಏನಾದರೂ ಆದರೆ, ಪಾಲಕರು ಸಿಗದೇ ಹೋದರೆ, ಶಾಲೆಯವರೇ ದವಾಖಾನೆಗೆ ಒಯ್ದು ಬೇಕಾದ ಚಿಕಿತ್ಸೆ ಕೊಡಿಸಬಹುದು ಎಂದು ಪಾಲಕರು ಬರೆದುಕೊಡುವ ಒಪ್ಪಿಗೆ ಅದು. ಜೀವ ಹೋಗುವ ಹೊತ್ತಿನಲ್ಲಿ ಡಾಕ್ಟರು ಯಾರ ಸಹಿಗೂ ಕಾಯುವುದಿಲ್ಲ, ನಿಜ. ಆದರೆ ಜೀವ ಹೋಗುವುದಕ್ಕೂ ಮಂಡಿ ತರಚುವುದಕ್ಕೂ ನಡುವೆ ಬಹಳ ಜಾಗವಿದೆ. ಮುರಿದ ಮೂಳೆ ಕೂರಿಸಲು ಮಂಪರು ಕೊಡಬೇಕು, ದೊಡ್ಡ ದವಾಖಾನೆಗೆ ಸಾಗಿಸಬೇಕು, ಅಲ್ಲೆಲ್ಲ ‘ಮನೆಯವರು ಯಾರು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೆಳ್ಳಟ್ಟಿಯ ಮನೆಯವರು ಆ ಹೊತ್ತಿಗೆ ಎಲ್ಲೋ ಮುಂಡರಗಿ ಕಡೆಯ ಹೊಲದಲ್ಲಿ ಬೆನ್ನು ಬಗ್ಗಿಸಿರುತ್ತಾರೆ. ಮೊಬೈಲು ಬುತ್ತಿಗಂಟಿನ ಜೊತೆ ಗಿಡದ ಟೊಂಗೆಗೆ ನೇತಾಡುತ್ತಿರುತ್ತದೆ, ರೇಂಜು ಇದ್ದರೂ ಕೇಳುವವರಿಲ್ಲ.

ಮುಖ್ಯೋಪಾಧ್ಯಾಯ ಶ್ರೀಪಾದ ಸರ್ ಒಳ್ಳೆಯ ಮನುಷ್ಯ. ನಾಲ್ಕು ವರ್ಷಗಳ ಹಿಂದೆ ಈ ಹಾಳೆಯನ್ನು ತಾವೇ ಕೂತು ಬರೆದು, ಲಕ್ಷ್ಮೇಶ್ವರಕ್ಕೆ ಹೋಗಿ ಝೆರಾಕ್ಸ್ ಮಾಡಿಸಿಕೊಂಡು ಬಂದರು. ಪಾಲಕರ ಸಭೆ ಕರೆದರು. ಸುಗ್ಗಿಯಿಲ್ಲದ ದಿನ ನೋಡಿ ಕರೆದಿದ್ದರಿಂದ ಕೆಲವು ತಾಯಂದಿರು ಬಂದರು ಕೂಡ. ಸರ್ ಎದ್ದು ನಿಂತು, ಕನ್ನಡಕ ಏರಿಸಿ, ಗಂಭೀರ ದನಿಯಲ್ಲಿ ಓದತೊಡಗಿದರು: ಅವಘಡ, ಪ್ರಜ್ಞಾಹೀನತೆ, ಅರಿವಳಿಕೆ, ಶಸ್ತ್ರಚಿಕಿತ್ಸೆ. ಒಂದೊಂದು ಪದಕ್ಕೂ ಒಬ್ಬೊಬ್ಬ ತಾಯಿ ಮಗುವಿನ ಕೈ ಹಿಡಿದು ಬಾಗಿಲ ಕಡೆ ಸರಿದಳು. ಹಿಂದೆ ಕೂತಿದ್ದ ಮುದುಕಿಯೊಬ್ಬಳು, “ಏನ್ರಿ ಮಾಸ್ತರ, ಕೂಸನ್ನ ಶಾಲಿಗೆ ಕಳಸೂದೋ, ಯುದ್ಧಕ್ಕ ಕಳಸೂದೋ?” ಎಂದು ಕೇಳಿಯೇಬಿಟ್ಟಳು. ಸಭೆ ಮುಗಿದಾಗ ಒಂದು ಹಾಳೆಯ ಮೇಲೂ ಸಹಿ ಬಿದ್ದಿರಲಿಲ್ಲ.

“ನಾ ಹೆದರಸಬೇಕಂತ ಓದಲಿಲ್ರಿ,” ಎಂದು ಸರ್ ಈಗಲೂ ಸಂಕೋಚದಿಂದ ನಗುತ್ತಾರೆ. “ಎಲ್ಲಾ ಸರಿಯಾಗಿ ತಿಳೀಲಿ ಅಂತ ಓದಿದೆ. ಸರಿಯಾಗಿ ತಿಳೀತು, ಅದಕ್ಕ ಓಡಿಹೋದ್ರು.”

ತಾಯಂದಿರ ಭಯ ಬೇರೆ ಇತ್ತು. ಆಗದೇ ಇರುವ ಕೆಟ್ಟದ್ದನ್ನು ಮಗುವಿನ ಹೆಸರಿನ ಕೆಳಗೆ ಬರೆದು, ಅದಕ್ಕೆ ತಾಯಿಯೇ ಸಹಿ ಹಾಕಿದರೆ, ಕೆಟ್ಟದ್ದನ್ನು ಕರೆದಂತೆ ಆಗುತ್ತದೆಂದು ಅವರ ನಂಬಿಕೆ. ಅಮಾವಾಸ್ಯೆ ಮುಗಿಯಲಿ ಎಂದರು. ಮಂಗಳವಾರ ಬೇಡ ಎಂದರು. ನೋಡೋಣ ಎಂದರು. ಹೊಲಕ್ಕೆ ಹೋಗುವವರು ಬೆಳಗಿನ ಜಾವವೇ ಹೋಗಿಬಿಡುವುದರಿಂದ ಮತ್ತೊಮ್ಮೆ ಕೇಳಲು ಮನೆಯಲ್ಲಿ ಸಿಗುತ್ತಲೂ ಇರಲಿಲ್ಲ. ಅಡುಗೆ ಕೋಣೆಯಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಶೇಖವ್ವ ಒಂದು ದಿನ ಒಳಗೆ ಬಂದು, “ನನ್ನ ಮನಿ ಟಂಟಂ ನಿಲ್ಲೋ ಜಾಗಾದ ಹಂತ್ಯಾಕ ಐತಿ, ಆ ಹಾಳಿ ನನಗ ಕೊಡ್ರಿ,” ಎಂದರು. ಸರ್ ಚೀಲವನ್ನೇ ಎತ್ತಿ ಕೊಟ್ಟರು.

ಮೊದಲ ದಿನ ಯಾರೂ ಸಹಿ ಮಾಡಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಕಾಂಚನಾ ಬಂದರು. ಆಗ ಅವರ ಮಗ ವೀರು ಒಂದನೇ ತರಗತಿ. ಕಾಂಚನಾಗೆ ಬಾಯಿ ಜೋರು, ಮನಸ್ಸು ಮೆತ್ತಗೆ. ಗಿರಣಿಯಲ್ಲಿ ಇಟ್ಟು ಹೋಗಲು ತಂದ ಜೋಳದ ಬುಟ್ಟಿ ಸೊಂಟದ ಮೇಲಿತ್ತು. ಹಾಳೆಯನ್ನು ಮೇಲೆ ಕೆಳಗೆ ನೋಡಿದರು.

“ಈ ಹಾಳಿ ಕಂಡ್ರ ಕೈ ನಡಗತೈತಿ ಯಕ್ಕಾ. ಆದ್ರ ನಿನ್ನ ಉಡ್ಯಾಗ ಹಾಕು ಅಂದ್ರ ಹಾಕತೀನಿ. ದಿನಾ ಅವಗ ಉಣಸಾಕಿ ನೀನ ಅದಿ,” ಎಂದು ಬುಟ್ಟಿಯಿಂದ ಒಂದು ಹಿಡಿ ಜೋಳ ಎತ್ತಿದರು.

ಉಡಿ ಎಂದರೆ ಮಡಿಲು. ಈ ಕಡೆ ಯಾರನ್ನಾದರೂ ಪೂರ್ತಿ ನಂಬಿ ಒಪ್ಪಿಸುವಾಗ ‘ಉಡಿಯಲ್ಲಿ ಹಾಕಿದ್ದೇನೆ’ ಎನ್ನುತ್ತಾರೆ. ಮದುವೆ, ಬಸಿರಿಯ ಕುಬಸ, ಹಬ್ಬಗಳಲ್ಲಿ ಮುತ್ತೈದೆಯರ ಸೆರಗಿಗೆ ಅಕ್ಕಿಯೋ ಜೋಳವೋ, ತೆಂಗಿನಕಾಯಿ, ಕುಬಸದ ಖಣ ಹಾಕುವುದು ಉಡಿ ತುಂಬುವುದು. ಮುತ್ತೈದೆಯರಿಗೆ ಮಾತ್ರ. ಶೇಖವ್ವನ ಗಂಡ ಲಕ್ಷ್ಮೇಶ್ವರದ ಹತ್ತಿ ಮಿಲ್ಲಿನಲ್ಲಿ ದುಡಿಯುತ್ತಿದ್ದವರು, ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅಂದಿನಿಂದ ಅವರ ಸೆರಗಿಗೆ ಯಾರೂ ಒಂದು ಕಾಳು ಹಾಕಿರಲಿಲ್ಲ. ಹೆತ್ತ ಮಗಳು ನೀಲಾಳ ಕುಬಸದಲ್ಲಿ ಊರ ಹೆಂಗಸರೆಲ್ಲ ಸಾಲಾಗಿ ಬಂದು ಅವಳ ಉಡಿ ತುಂಬುವಾಗ ಶೇಖವ್ವ ಅಡುಗೆ ಮನೆಯಲ್ಲಿ ಹೋಳಿಗೆ ಬೇಯಿಸುತ್ತಾ, ಬಾಗಿಲ ಸಂದಿಯಿಂದ ನೋಡಿದ್ದರು. ಅದನ್ನು ಹೇಳುವಾಗ ಅವರ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹೋಳಿಗೆ ಮಾತ್ರ ಬಾಳ ಚೆನ್ನಾಗಿ ಬಂದಿದ್ದವು ಎನ್ನುತ್ತಾರೆ.

ಹಾಗಾಗಿ ಕಾಂಚನಾ ಹಿಡಿ ಚಾಚಿದಾಗ ಶೇಖವ್ವ ಸೆರಗು ಹಿಂದಕ್ಕೆಳೆದುಕೊಂಡರು. “ನನಗ ಹಾಕಬಾರದವ್ವಾ, ಗೊತ್ತೈತಿಲ್ಲ,” ಎಂದರು. ಅಶ್ಫಾಕ ಯಾಕೋ ಗಾಡಿಯ ಇಂಜಿನ್ ಬಂದ್ ಮಾಡಿದ. ಕಾಂಚನಾ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಮಗನ್ನ ಕೊಡಾಕ ಬರತೈತಿ, ಜ್ವಾಳ ಹಾಕಾಕ ಬರಂಗಿಲ್ಲೇನು?” ಎಂದರು.

ಶೇಖವ್ವ ಸೆರಗು ಒಡ್ಡಿದರು. ಕಾಂಚನಾ ಜೋಳ ಸುರಿದು, ಆಮೇಲೆ ಹಾಳೆ ಇಸಿದುಕೊಂಡು ಸರಸರ ಸಹಿ ಮಾಡಿದರು. ಒಪ್ಪಿಸಿ ಆದ ಮೇಲೆ ಬರೆದುಕೊಡಲು ಭಯವೇಕೆ? ಹಿಂದೆ ನಿಂತವಳು ಕಾಂಚನಾಳ ಬುಟ್ಟಿಯಿಂದಲೇ ಒಂದು ಹಿಡಿ ಕಡ ತೆಗೆದುಕೊಂಡಳು, ಅವಳ ಹಿಂದಿನವಳೂ ತೆಗೆದುಕೊಂಡಳು. ಗಿರಣಿಗೆ ಹೋಗಬೇಕಿದ್ದ ಬುಟ್ಟಿ ಅಲ್ಲೇ ಖಾಲಿಯಾಯಿತು. “ಅವತ್ತ ನಮ್ಮ ಮನ್ಯಾಗ ಅನ್ನ ಉಂಡ್ವಿ, ಹಿಟ್ಟಿರಲಿಲ್ಲ,” ಎಂದು ಕಾಂಚನಾ ಈಗ ನಗುತ್ತಾರೆ.

ಜೋಳದ ಸುದ್ದಿ ಕೇಳಿ ಶ್ರೀಪಾದ ಸರ್ ಮೊದಲು ಗಾಬರಿಯಾದರು. “ಜೋಳಾ ದವಾಖಾನಿಗೆ ಒಯ್ಯಲಿಕ್ಕೆ ಬರೂದಿಲ್ಲ, ಶೇಖವ್ವಾ!” ಎಂದರು. ಅವರ ಮೇಜಿನ ಮೇಲೆ ಸಹಿಯಾದ ಹಾಳೆಗಳ ಕಟ್ಟು ಇಟ್ಟ ಮೇಲೆ ಸುಮ್ಮನಾದರು. ಮರುವರ್ಷ ತಮ್ಮ ಬರವಣಿಗೆಯನ್ನೂ ತಿದ್ದಿದರು. ಈಗಿನ ಹಾಳೆಯಲ್ಲಿ ಅರಿವಳಿಕೆ ಇಲ್ಲ, ‘ಮಂಪರು ಕೊಡುವುದು’ ಎಂದಿದೆ. ಮಗುವಿಗೆ ಏನು ಕಾಯಿಲೆ, ಯಾವ ಔಷಧಿ ಆಗುವುದಿಲ್ಲ, ಯಾರಿಗೆ ಫೋನ್ ಮಾಡಬೇಕು, ಎಲ್ಲ ಇದೆ.

ಅದು ಕೆಲಸಕ್ಕೆ ಬಂದದ್ದು ಹೋದ ವರ್ಷ. ವೀರು ಆಟದ ಬಿಡುವಿನಲ್ಲಿ ಕಂಪೌಂಡ್ ಗೋಡೆ ಹತ್ತಿ, ಇಳಿಯುವ ದಾರಿ ತಿಳಿಯದೆ ಹಾರಿದ. ಮೊಣಕೈ ಆಗಬಾರದ ಕಡೆಗೆ ತಿರುಗಿಕೊಂಡಿತು. ಕಾಂಚನಾ ಆ ಹೊತ್ತು ಡಂಬಳದ ಆಚೆ ಗೋವಿನಜೋಳದ ಹೊಲದಲ್ಲಿ. ನೂರೆಂಟರ ಗಾಡಿ ಬಂತು. ಶೇಖವ್ವ ಒಲೆಯ ಮೇಲಿದ್ದ ಸಾರನ್ನು ಜೊತೆಯ ಅಡುಗೆಯವರಿಗೆ ಒಪ್ಪಿಸಿ, ಹಿಟ್ಟಿನ ಕೈಯಲ್ಲೇ ಗಾಡಿ ಹತ್ತಿದರು. ಯಾರೂ ಅವರಿಗೆ ಹೋಗು ಎನ್ನಲಿಲ್ಲ, ಅವರು ಯಾರನ್ನೂ ಕೇಳಲೂ ಇಲ್ಲ.

ಗದಗಿನ ದವಾಖಾನೆಯಲ್ಲಿ ನರ್ಸು, “ಹುಡುಗನ ತಾಯಿ ನೀವೇನ್ರಿ?” ಎಂದು ಕೇಳಿದಾಗ ಶೇಖವ್ವ ಒಂದು ಗಳಿಗೆ ತಡವರಿಸಿದರಂತೆ. “ಅಲ್ಲ ಅನ್ನಾಕ ಬಾಯಿ ಬರಲಿಲ್ಲ, ಹೌದು ಅಂದ್ರ ಸುಳ್ಳಾಗತೈತಿ. ‘ಈ ವರ್ಷದ ಮಟ್ಟಿಗೆ ನನ್ನ ಉಡ್ಯಾಗ ಅದಾನ್ರಿ’ ಅಂದೆ. ಆಕೀಗೆ ತಿಳೀತೋ ಬಿಟ್ಟಿತೋ! ಆಮ್ಯಾಲ ಹಾಳಿ ಕೊಟ್ಟೆ.” ಡಾಕ್ಟರು ಹಾಳೆ ಓದಿದರು, ಶಾಲೆಗೆ ಫೋನ್ ಮಾಡಿ ಶ್ರೀಪಾದ ಸರ್ ಜೊತೆ ಮಾತಾಡಿದರು, ಹುಡುಗನಿಗೆ ಮಂಪರು ಕೊಟ್ಟು ಮೂಳೆ ಕೂರಿಸಿದರು.

ಹೊಲದಿಂದ ಬಂದ ಕಾಂಚನಾಗೆ ಸುದ್ದಿ ಮುಟ್ಟಿ, ಅಶ್ಫಾಕ ಟಂಟಂ ಓಡಿಸಿಕೊಂಡು ಕರೆತರುವಷ್ಟರಲ್ಲಿ ಸಂಜೆಯಾಗಿತ್ತು. ದಾರಿಯುದ್ದಕ್ಕೂ ಅಳುತ್ತಾ ಬಂದ ತಾಯಿ ಒಳಗೆ ಕಾಲಿಟ್ಟರೆ, ಮಗ ಬಿಳಿ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ರಾಜನಂತೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಬಿಸ್ಕೀಟು ತಿನ್ನುತ್ತಿದ್ದ. ಕಾಂಚನಾ ನಗಲಾರದೆ ಅಳಲಾರದೆ ಅವನ ಬೆನ್ನಿಗೊಂದು ಕೊಟ್ಟು, ಆಮೇಲೆ ತಬ್ಬಿಕೊಂಡರು. “ನನ್ನ ಮಗನ್ನ ಹೊಡೀಬ್ಯಾಡ,” ಎಂದು ಶೇಖವ್ವ ಪಕ್ಕದಿಂದ ರೇಗಿಸಿದರು, “ಮಾರ್ಚ್ ಮುಗಿಯೂತನಕ ಅಂವಾ ನನ್ನಾಂವ.”

ದಿನದ ಕೆಲಸದ ಮುಂದೆ ಇದೆಲ್ಲ ಶೇಖವ್ವನಿಗೆ ಲೆಕ್ಕಕ್ಕೇ ಇಲ್ಲ. ಬೆಳಿಗ್ಗೆ ಶಾಲೆಯ ಬೀಗ ತೆಗೆಯುವ ಹೊತ್ತಿಗೆ ಅವರು ಒಲೆ ಮುಂದೆ ಇರುತ್ತಾರೆ. ಹಾಲು ಕಾಯಿಸಬೇಕು, ನೂರ ಎಂಬತ್ತು ಮಕ್ಕಳಿಗೆ ಅಕ್ಕಿ ಆರಿಸಬೇಕು, ಬೇಳೆ ಬೇಯಬೇಕು, ತರಕಾರಿ ಹೆಚ್ಚಬೇಕು. ದೊಡ್ಡ ಪಾತ್ರೆ ಇಳಿಸುವಾಗ ಸೊಂಟ ಹಿಡಿಯುತ್ತದೆ. ಹೊಗೆಗೆ ಕಣ್ಣು ಕೆಂಪಾಗುತ್ತಿತ್ತು, ಗ್ಯಾಸ್ ಬಂದ ಮೇಲೆ ಅದೊಂದು ತಪ್ಪಿದೆ. ಮಕ್ಕಳಿಗೆ ಅವರು ‘ಅಡಗಿ ಆಯಿ’. ಯಾರು ಬದನೆಕಾಯಿ ಕಂಡರೆ ತಟ್ಟೆ ಅಡ್ಡ ಹಿಡಿಯುತ್ತಾರೆ, ಯಾರು ಮನೆಯಲ್ಲಿ ಉಣ್ಣದೆ ಬಂದಿದ್ದಾರೆ ಎಂಬುದೆಲ್ಲ ಬಡಿಸುವ ಸೌಟಿಗೇ ಗೊತ್ತು. “ಬಡಸೂ ಮುಂದ ಮಾರಿ ನೋಡಬೇಕ್ರಿ, ತಾಟು ನೋಡಬಾರದು,” ಎನ್ನುತ್ತಾರೆ.

ಉಡಿಯ ಜೋಳವನ್ನು ಏನು ಮಾಡುವುದೆಂಬ ಪ್ರಶ್ನೆ ಮೊದಲ ವರ್ಷವೇ ಎದ್ದಿತ್ತು. ಉಡಿಗೆ ಬಿದ್ದದ್ದನ್ನು ಮಾರುವಂತಿಲ್ಲ, ಚೆಲ್ಲುವಂತಿಲ್ಲ. ಮನೆಯ ಒಲೆಯಲ್ಲೇ ಬೇಯಿಸಿ ಮನೆಯವರೇ ಉಣ್ಣಬೇಕು. “ನನ್ನ ಮನ್ಯಾಗ ನಾ ಒಬ್ಬಾಕಿ. ಅಷ್ಟೂ ಜ್ವಾಳ ನಾ ತಿಂದ್ರ ಏನಾದೇನು?” ಎಂದು ಶೇಖವ್ವ ಹೊಟ್ಟೆ ಮುಟ್ಟಿ ನಗುತ್ತಾರೆ. ಕೊನೆಗೆ ಅವರೇ ತೀರ್ಮಾನ ಮಾಡಿದರು: ಉಡಿಯಲ್ಲಿದ್ದವರೆಲ್ಲ ಮನೆಯವರೇ. ಜೋಳ ಗಿರಣಿಗೆ ಹೋಯಿತು. ಓಣಿಯ ಹೆಂಗಸರು ಎರಡು ಸಂಜೆ ಶೇಖವ್ವನ ಅಂಗಳದಲ್ಲಿ ಕೂತು, ಹರಟೆ ಹೊಡೆಯುತ್ತಾ ರೊಟ್ಟಿ ಬಡಿದು, ಕಟಕ್ ಆಗುವಂತೆ ಒಣಗಿಸಿದರು. ಶನಿವಾರ ಶಾಲೆ ಬಿಟ್ಟ ಮೇಲೆ ಮಗುವಿಗೊಂದು ರೊಟ್ಟಿ, ಮೇಲೊಂದು ಚಮಚ ಶೇಂಗಾ ಚಟ್ನಿ. ಅಂದಿನಿಂದ ವರ್ಷಕ್ಕೊಮ್ಮೆ ಬರುವ ‘ಉಡಿ ರೊಟ್ಟಿ’ಯ ಶನಿವಾರಕ್ಕೆ ಮಕ್ಕಳು ಸ್ವಾತಂತ್ರ್ಯ ದಿನದ ಲಾಡುವಿಗಿಂತ ಹೆಚ್ಚು ಕಾಯುತ್ತಾರೆ.

ಹೋದ ವರ್ಷದ ಆ ಶನಿವಾರ ಒಂದು ರೊಟ್ಟಿ ಉಳಿದಿತ್ತು. ಹುಡುಕಿದರೆ ಮಲ್ಲು ಶಾಲೆಯ ಹಿಂದಿನ ಕಟ್ಟೆಯ ಮೇಲೆ ಕೂತಿದ್ದ. ತಿನ್ನು ಬಾ ಎಂದರೆ ತಲೆ ಅಲ್ಲಾಡಿಸಿದ.

“ಇದರಾಗ ನಂದು ಜ್ವಾಳ ಇಲ್ಲಲ್ಲ, ಆಯಿ.”

ಶೇಖವ್ವ ಎಷ್ಟು ಪುಸಲಾಯಿಸಿದರೂ ಹುಡುಗ ಮುಟ್ಟಲಿಲ್ಲ. ಆರು ವರ್ಷದ ಹುಡುಗನಿಗೆ ಅಷ್ಟು ಸ್ವಾಭಿಮಾನ. ಅದೇ ಮಳೆಗಾಲದಲ್ಲಿ ತರಗತಿಯಲ್ಲಿ ಅವನಿಗೆ ದಮ್ಮು ಎದ್ದಿತು. ಊರಿನ ದವಾಖಾನೆಯಲ್ಲಿ ಹೊಗೆಯ ಔಷಧಿ ಕೊಟ್ಟರು. ಗದಗಿಗೆ ಒಯ್ದರೆ ಒಳ್ಳೆಯದು, ಮನೆಯವರನ್ನು ಕರೆಸಿ ಎಂದರು. ಎಮ್ಮೆ ಹೊಡೆದುಕೊಂಡು ಹೋದ ಹನಮಂತವ್ವನನ್ನು ಹುಡುಕಲು ಮೂರು ದಿಕ್ಕಿಗೆ ಮಂದಿ ಓಡಿದರು. ಅವರು ಸಿಗುವ ಹೊತ್ತಿಗೆ ಪುಣ್ಯಕ್ಕೆ ಹುಡುಗನ ಉಸಿರು ತಿಳಿಯಾಗಿತ್ತು. ಆದರೆ ಕಾಯುತ್ತಾ ಕೂತ ಆ ಹೊತ್ತನ್ನು ಶೇಖವ್ವ ಮರೆತಿಲ್ಲ. “ಅವನ ಎದಿ ಮ್ಯಾಲ ಕೈ ಇಟಗೊಂಡು ಕುಂತಿದ್ನಿರಿ. ಒಳಗ ಬೆಕ್ಕಿನ ಮರಿ ಅತ್ತಂಗ ಆಗತಿತ್ತು. ಒಯ್ಯೋಣ ಅನ್ನಾಕ ನಾ ಯಾರು?”

ಟಂಟಂ ಹೋದ ಆ ಬೆಳಿಗ್ಗೆ, ಶಾಲೆಗೆ ಇನ್ನೂ ಹೊತ್ತಿರುವಾಗ, ಶೇಖವ್ವ ಜೋಳದ ಗಂಟು ಮನೆಯಲ್ಲಿಟ್ಟು ಉಳಿದ ಒಂದು ಹಾಳೆ, ಮಸಿಯ ಡಬ್ಬಿ ಹಿಡಿದು ಊರ ತುದಿಗೆ ನಡೆಯುತ್ತಾರೆ. ಹನಮಂತವ್ವ ಅಂಗಳದಲ್ಲಿ ಎಮ್ಮೆ ಹಿಂಡಿ ಎದ್ದಿದ್ದಾರಷ್ಟೆ. ಹಾಳೆ ಕಂಡ ಕೂಡಲೇ ಮುಖ ಗಂಟಾಗುತ್ತದೆ.

“ಮತ್ತ ಬಂದಿಯೇನು? ಕುಂಡ್ರು, ಚಾ ಕುಡಿ. ಅದನ್ನ ಮಾತ್ರ ಕೇಳಬ್ಯಾಡ.”

“ಇವತ್ತ ಕೇಳಿನ ಹೋಗಾಕಿ ನಾನು. ಯಾಕ ಒಲ್ಲಿ ಅನ್ನೂದಾದ್ರೂ ಹೇಳು.”

ಹನಮಂತವ್ವ ಹಾಲಿನ ಚರಿಗೆ ಕೆಳಗಿಟ್ಟು, ಬಲಗೈ ಹೆಬ್ಬೆರಳನ್ನು ಎತ್ತಿ ತೋರಿಸುತ್ತಾರೆ. “ಇದು ಚಲೋ ಹೆಬ್ಬಟ್ಟಲ್ಲ, ಶೇಖವ್ವಾ. ಮಲ್ಲೂನ ಅವ್ವಗ ಆಪರೇಶನ್ ಮಾಡೂ ಮುಂದ ದವಾಖಾನ್ಯಾಗ ಒತ್ತು ಅಂದ್ರು, ಇದನ್ನ ಒತ್ತಿದೆ. ಮಗಳು ತಿರಗಿ ಬರಲಿಲ್ಲ. ಮತ್ತ ಈ ಕೂಸಿಗೂ ಇದನ್ನ ಒತ್ತಲೇನು? ನಾ ರಂಡಿಮುಂಡಿ, ನನ್ನ ಕೈ ಜ್ವಾಳ ಉಡೀಗೂ ಬರೂದಿಲ್ಲ.”

ಒಂದು ವರ್ಷದಿಂದ ಹಟ ಎಂದುಕೊಂಡದ್ದು ಹಟವಾಗಿರಲಿಲ್ಲ. ಅಜ್ಜಿ ಮೊಮ್ಮಗನನ್ನು ತಮ್ಮದೇ ಬೆರಳಿನ ಕೆಡುಕಿನಿಂದ ಕಾಪಾಡುತ್ತಿದ್ದರು. ಶೇಖವ್ವ ಕಟ್ಟೆಯ ಮೇಲೆ ಅವರ ಪಕ್ಕಕ್ಕೇ ಸರಿದು ಕೂರುತ್ತಾರೆ.

“ನಿನ್ನಿ ರಾತ್ರಿ ಅವಗ ರೊಟ್ಟಿ ಮುರದು ಉಣಿಸಿದ್ದು ಯಾ ಕೈಲೇ?”

“ಇದ ಕೈಲೇ.”

“ತಲೀಗೆ ಎಣ್ಣಿ ಹಚ್ಚಿದ್ದು?”

“ಇದ ಕೈಲೇ.”

“ಮತ್ತ ಅಂವಾ ಗಿಡದಂಗ ಬೆಳ್ಯಾಕತ್ತಾನ! ನಾನೂ ನಿನ್ನಂಗ ಇದ್ದಾಕಿ. ನನ್ನ ಉಡೀಗೂ ಹಾಕಬಾರದು ಅಂತಿದ್ರು. ನಾಕ ವರ್ಷ ಆತು, ಊರ ಹುಡುಗರೆಲ್ಲಾ ಇದರಾಗ ಅದಾರ. ಯಾವಗ ಏನಾತು ಹೇಳು.”

“ವೀರೂನ ಕೈ ಮುರೀತಲ್ಲ,” ಎನ್ನುತ್ತಾರೆ ಹನಮಂತವ್ವ ಥಟ್ಟನೆ.

“ಮುರದದ್ದು ಕೂಡಿ ಹಳೇದಾತು. ಈಗ ಅದ ಕೈಲೇ ನನ್ನ ಅಡಗಿ ಮನಿ ಹಂಚಿಗೆ ಕಲ್ಲ ಒಗಿಯಾಕತ್ತಾನ ಭಾಡ್ಯಾ!”

ಹನಮಂತವ್ವ ನಗು ತಡೆಯಲು ನೋಡುತ್ತಾರೆ, ಆಗುವುದಿಲ್ಲ. ನಕ್ಕು ನಕ್ಕು ಕೆಮ್ಮು ಬರುತ್ತದೆ, ಕೆಮ್ಮಿನ ಜೊತೆ ಕಣ್ಣೀರೂ ಬರುತ್ತದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋಗುತ್ತಾರೆ. ಒಳಗಿನಿಂದ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸುತ್ತದೆ. ಅಷ್ಟರಲ್ಲಿ ಮಲ್ಲು ಎದ್ದು ಬಂದು, ಒಂದು ಚಡ್ಡಿ ಕಾಲು ಮೇಲೆ ಒಂದು ಕೆಳಗೆ, ಬಾಗಿಲಲ್ಲಿ ನಿಂತಿದ್ದಾನೆ. ಅಜ್ಜಿಯ ಮುಷ್ಟಿಯಲ್ಲಿ ಜೋಳ ಕಂಡು ಅವನ ಬಾಯಿ ತೆರೆದುಕೊಳ್ಳುತ್ತದೆ.

ಶೇಖವ್ವ ಸೆರಗು ಒಡ್ಡುತ್ತಾರೆ. ಹನಮಂತವ್ವ ಒಂದು ಹಿಡಿ ಸುರಿಯುತ್ತಾರೆ. “ನನ್ನ ಕೂಸನ್ನ ನಿನ್ನ ಉಡ್ಯಾಗ ಹಾಕೀನವ್ವಾ.” ಆಮೇಲೆ ಇನ್ನೊಂದು ಹಿಡಿ.

“ಒಂದ ಸಾಕು,” ಎನ್ನುತ್ತಾರೆ ಶೇಖವ್ವ.

“ಹೋದ ವರ್ಷದ್ದು ಹಾಕಿರಲಿಲ್ಲಲ್ಲ.”

ಹನಮಂತವ್ವ ಹೆಬ್ಬೆರಳನ್ನು ಮಸಿಗೆ ಅದ್ದಿ ಹಾಳೆಗೆ ತರುತ್ತಾರೆ. ಶೇಖವ್ವ ಅದರ ಮೇಲೆ ತಮ್ಮ ಕೈ ಇಡದೆ, ಮಣಿಕಟ್ಟನ್ನು ಮೆಲ್ಲಗೆ ಹಿಡಿದುಕೊಳ್ಳುತ್ತಾರೆ. ಗುರುತು ಸ್ಪಷ್ಟವಾಗಿ ಮೂಡುತ್ತದೆ. ಮಲ್ಲುವಿನ ದಮ್ಮು ಯಾವಾಗ ಏಳುತ್ತದೆ, ಯಾವ ಪಂಪು ಕೊಡಬೇಕು, ಎಮ್ಮೆ ಮೇಯಿಸಲು ತಾನು ಯಾವ ಕಡೆ ಹೋಗಿರುತ್ತೇನೆ, ಎಲ್ಲವನ್ನೂ ಹನಮಂತವ್ವ ಹೇಳುತ್ತಾರೆ. ಶ್ರೀಪಾದ ಸರ್ ಅದನ್ನು ಆಮೇಲೆ ಹಾಳೆಯ ಅಂಚಿನವರೆಗೂ ಬರೆದುಕೊಳ್ಳುತ್ತಾರೆ.

ಶನಿವಾರ. ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ಕೂತಿದ್ದಾರೆ. ರೊಟ್ಟಿಯ ಬುಟ್ಟಿಗಳು ಬರುತ್ತಿದ್ದ ಹಾಗೆ ಗದ್ದಲ ಮುಗಿಲು ಮುಟ್ಟುತ್ತದೆ. ವೀರು ಮುರಿದು ಕೂಡಿದ ಕೈಯಿಂದಲೇ ಚಟ್ನಿ ಡಬ್ಬಿ ಹಿಡಿದು ಬಡಿಸಲು ನಿಂತಿದ್ದಾನೆ. ಹನಮಂತವ್ವ ಕೂಡ ಗೇಟಿನ ಹತ್ತಿರ ಬಂದು, ಎಮ್ಮೆಯ ಹಗ್ಗ ಕೈಯಲ್ಲಿ ಹಿಡಿದೇ ನೋಡುತ್ತಿದ್ದಾರೆ. ನಿಮ್ಮ ಆಸೆ ಏನು ಎಂದು ಕೇಳಿದರೆ ಶೇಖವ್ವ ರೊಟ್ಟಿ ಹಂಚುವುದನ್ನು ನಿಲ್ಲಿಸದೆ ಹೇಳುತ್ತಾರೆ: “ಏನಿಲ್ರಿ. ವರ್ಷಾ ಜ್ವಾಳ ಪೂರಾ ಖರ್ಚಾಗಲಿ, ಹಾಳಿ ಮಾತ್ರ ಸರ್ ಕಪಾಟಿನ್ಯಾಗ ಇದ್ದಲ್ಲೇ ಇರಲಿ.”

ಮಲ್ಲುವಿನ ಸರದಿ ಬರುತ್ತದೆ. ಅವನು ಎರಡೂ ಕೈ ಒಡ್ಡಿ ರೊಟ್ಟಿ ತೆಗೆದುಕೊಂಡು, ತೊಡೆಯ ಮೇಲೆ ಇಟ್ಟುಕೊಂಡು, ಮತ್ತೆ ಕೈ ಒಡ್ಡುತ್ತಾನೆ.

“ಒಬ್ಬರಿಗೆ ಒಂದ ಲೇ,” ಎಂದು ವೀರು ಗದರುತ್ತಾನೆ.

ಮಲ್ಲು ಅವನ ಕಡೆ ನೋಡುವುದಿಲ್ಲ. ಶೇಖವ್ವನ ಮುಖವನ್ನೇ ನೋಡುತ್ತಾ ಹೇಳುತ್ತಾನೆ, “ಆಯಿ, ಹೋದ ವರ್ಷದ್ದು?”

ಶೇಖವ್ವ ಗೇಟಿನ ಕಡೆ ನೋಡಿ, ಬುಟ್ಟಿಯ ತಳದಿಂದ ಒಡೆಯದ, ದೊಡ್ಡದೊಂದು ರೊಟ್ಟಿ ಹುಡುಕಿ ತೆಗೆಯುತ್ತಾರೆ.

“ಖರೆ ಐತಪ್ಪಾ, ಅದೂ ನಿಂದ. ತಗೋ.”